ಮಾತೆಯ ಮುಂದಿನ ಮಳೆಮಾಪಕ

ನಮ್ಮೂರು ಕೆಮ್ಮಣ್ಣಿನ ಮಟ್ಟಿಗಾದರೂ ಇನ್ನು ಮುಂದೆ ಹವಾಮಾನ ಮುನ್ಸೂಚನೆ ತಪ್ಪಬಾರದು! ಈ ಭಾರವನ್ನು ನಾನು ಹೊತ್ತದ್ದು ಮರಿಯಮ್ಮನ ಮೊಂತಿ ಹಬ್ಬದ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ನೊವೇನಾ, ನಡೆಯುತ್ತಿದ್ದಾಗ. ಮಣಿಪಾಲದಲ್ಲಿ ಓದುವ ಜುಮಾನಾ, ಮನೆಯಂಗಳದಲ್ಲಿ ಮಳೆ ಅಳೆಯುವ ಸ್ವಯಂಸೇವಕರನ್ನು ಹುಡುಕಿಕೊಂಡು ಬಂದಿದ್ದಳು.

"ಉಪಗ್ರಹಕ್ಕೆ ಮೋಡ ಕಾಣ್ತದೆ ಆಂಟಿ. ಅಂಗಳಕ್ಕೆ ಎಷ್ಟು ಬಿತ್ತು ಅಂತ ನೀವೇ ಹೇಳ್ಬೇಕು. ಅದನ್ನೂ ಸೇರಿಸಿದ್ರೆ ಮುನ್ಸೂಚನೆ ಸರಿಯಾಗ್ತದೆ."

ಉಪಗ್ರಹವೇ ನನ್ನ ಸಹಾಯ ಕೇಳಿದ ಮೇಲೆ ಬೇಡವೆನ್ನಲು ನಾನು ಯಾರು?

ಗೀಟುಗಳಿರುವ ಪಾರದರ್ಶಕ ಮಳೆಮಾಪಕವನ್ನು ಅಂಗಳದಲ್ಲಿರುವ ಗುಹೆಯಂಥ ಪುಟ್ಟ ಗುಡಿ ಗ್ರೊಟ್ಟೊದ ಮುಂದೆ, ಮಾತೆ ಮರಿಯಮ್ಮನ ಕಣ್ಣೆದುರೇ ಕಟ್ಟಿಸಿದೆ. ಅಲ್ಲಿ ಮರಗಳ ಅಡ್ಡಿಯಿಲ್ಲ. ಸುಳ್ಳು ಲೆಕ್ಕ ಕಳಿಸುವ ಧೈರ್ಯವೂ ಬಾರದು. ಬೆಳಿಗ್ಗೆ ಎಂಟೂವರೆಗೆ ನೋಡಿ ಮೊಬೈಲಿನಲ್ಲಿ ಕಳಿಸುವುದು, ನೀರು ಚೆಲ್ಲುವುದು, ಇಷ್ಟೇ ಕೆಲಸ. ಆ ವಾರ ರಾತ್ರಿ ಹೊತ್ತು ಬರೀ ಹನಿಮಳೆ. ಆದರೂ ನನ್ನ ಮಾಪಕದಲ್ಲಿ ನಲವತ್ತು ಮಿಲಿಮೀಟರಿಗೆ ಒಂದು ದಿನವೂ ಕಡಿಮೆಯಿಲ್ಲ. ನೊವೇನಾದ ಫಲ ಎಂದುಕೊಂಡೆ.

ಜುಮಾನಾ ಫೋನ್ ಮಾಡಿದಳು. "ಸುತ್ತ ಎಲ್ಲ ಕಡೆ ಎರಡು, ಮೂರು. ನಿಮ್ಮಲ್ಲಿ ಮಾತ್ರ ನಲವತ್ತೆರಡು. ಹೀಗಾದ್ರೆ ಮಾಪಕವನ್ನು ಪಕ್ಕದ ಸರಸಕ್ಕನಿಗೆ ಕೊಡ್ಬೇಕಾಗ್ತದೆ ಆಂಟಿ."

ಸರಸಳಿಗೆ! ಇಡೀ ಚರ್ಚಿಗೆ ಹೇಳಿಕೊಂಡು ಬಂದಿದ್ದೇನೆ, ಇನ್ನು ಮುಖ ತೋರಿಸುವುದು ಹೇಗೆ? "ಮಾತೆಯ ಮುಂದೆ ನಿಂತು ನೋಡಿದ ಲೆಕ್ಕ ಮಾರಾಯ್ತಿ. ಬೇಕಾದ್ರೆ ಬಂದು ನೋಡು" ಎಂದೆ.

ಆ ಸಂಜೆಯೇ ಬಂದಳು. ಗ್ರೊಟ್ಟೊದ ಹತ್ತಿರ ನನ್ನ ಗಂಡ ಸ್ಟ್ಯಾನಿಸ್ಲಾಸ್. ಎಷ್ಟು ಕರೆದರೂ ಪ್ರಾರ್ಥನೆಗೆ ಕೂರದವರು, ಒಂದು ಕೈಯಲ್ಲಿ ದಾಸವಾಳ ಹಿಡಿದು, ಇನ್ನೊಂದು ಕೈಯ ಚೊಂಬಿನಿಂದ ಮಾಪಕಕ್ಕೆ ನೀರು ಹೊಯ್ಯುತ್ತಿದ್ದರು.

"ಎಂತ ಮಾಡ್ತಿದ್ದೀರಿ?" ಎಂದೆ.

"ಹೂ ಇಡ್ತಿದ್ದೇನೆ. ನೊವೇನಾಕ್ಕೆ ಒಂದು ಹೂವಾದ್ರೂ ಇಡಿ ಅಂತ ಜೀವ ತಿಂದದ್ದು ಯಾರು?"

"ಬೆಳಿಗ್ಗೆ ಅದರಲ್ಲಿ ಹೂವೇ ಇರುವುದಿಲ್ಲವಲ್ಲ?"

"ಬಾಡಿದ ಹೂ ಮಾತೆಯ ಮುಂದೆ ಇರಬಾರದು ಅಂದದ್ದೂ ನೀನೇ. ಎದ್ದ ಕೂಡಲೇ ತೆಗೀತೇನೆ."

"ಅದು ಮಳೆ ಅಳೆಯುವುದು ಅಂತ ಹೇಳಿದ್ದೆ!"

"ನೀನು ಹೇಳುವುದು ಒಂದಾ ಎರಡಾ, ಆನಿ?"

ಗಂಡನಿಗೆ ಭಕ್ತಿ ಕೊಡು ಎಂದು ಇಷ್ಟು ವರ್ಷ ಬೇಡಿಕೊಂಡವಳು ನಾನೇ. ಈಗ ಯಾರ ಮೇಲೆ ಸಿಟ್ಟು ಮಾಡುವುದು? ಜುಮಾನಾ ನಗು ತಡೆದುಕೊಂಡು ಕೇಳಿದಳು, "ಲೆಕ್ಕ ಎಷ್ಟು ಹಾಕಲಿ ಆಂಟಿ?"

"ಮಳೆ ಎರಡು, ಭಕ್ತಿ ನಲವತ್ತು ಅಂತ ಹಾಕು."

ಮಾಪಕ ಸರಸಳ ಅಂಗಳಕ್ಕೆ ಹೋಯಿತು. ಹೂವಿಗೆಂದು ನಾನೊಂದು ಸ್ಟೀಲಿನ ಲೋಟ ತಂದಿಟ್ಟೆ. ಸ್ಟ್ಯಾನಿಸ್ಲಾಸ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದರಲ್ಲಿ ಗೀಟೇ ಇಲ್ಲವಲ್ಲ. ಭಕ್ತಿ ನಲವತ್ತು ಎಲ್ಲಿಗೆ ಬರ್ತದೆ ಅಂತ ಸರಸಕ್ಕನಲ್ಲಿ ಕೇಳಿ ಬರ್ಲಾ?"