ಯುದ್ಧದ ಸಿನಿಮಾದಾಗ ಯಾರ ಅದಾರ, ಯಾರ ಇಲ್ಲ

ಸಪ್ತಾಪುರದ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಶನಿವಾರ ಮಧ್ಯಾಹ್ನ ಹಳೆಯ ಯುದ್ಧದ ಸಿನಿಮಾ ತೋರಿಸಿ ಚರ್ಚೆ ನಡೆಸುವ ಕೆಲಸವೂ ಹನ್ನೊಂದು ವರ್ಷದಿಂದ ನನ್ನ ಕೊರಳಿಗೇ ಬಿದ್ದಿದೆ. ಸಿನಿಮಾ ಮುಗಿದ ಮೇಲೆ ನಾನು ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಯಾರಿದ್ದಾರೆ, ಯಾರಿಲ್ಲ? ಗಂಭೀರವಾದ ಉತ್ತರ ಬರಲಿ ಎಂದು ಪ್ರತಿ ಸಲ ಆಸೆಪಡುತ್ತೇನೆ. ಬರುವುದೇ ಬೇರೆ. ಈಗೀಗ ಆಸೆಪಡುವುದಕ್ಕೂ ದಣಿವು.

ಹೆಂಗಸರೆಷ್ಟು?

ಎರಡೂವರೆ ಗಂಟೆಯ ಒಂದು ಇಂಗ್ಲಿಷ್ ಸಿನಿಮಾ. ಸಾವಿರ ಸೈನಿಕರು, ನೂರು ಟ್ಯಾಂಕು. "ಹೆಂಗಸರು ಎಷ್ಟು ಮಂದಿ ಇದ್ರು?" ಎಂದು ಕೇಳಿದೆ.

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಒಂದೂವರಿ ರೀ ಮೇಡಂ."

"ಒಂದೂವರಿ ಹೆಂಗವಾ?"

"ಒಬ್ಬಾಕಿ ನರ್ಸ್ ರೀ, ಎರಡು ಮಾತು ಆಡ್ತಾಳ. ಇನ್ನೊಬ್ಬಾಕಿ ಸೈನಿಕನ ಕಿಸೆದಾಗಿನ ಫೋಟೋ ರೀ. ಎದಿಮಟಾ ಅಷ್ಟ ಅದಾಳ."

ಚಹಾ ತಂದವನು

ಮತ್ತೊಂದು ಶನಿವಾರ ಮರುಭೂಮಿಯ ಯುದ್ಧದ ಸಿನಿಮಾ. ಅದರಲ್ಲಿ ನಮ್ಮ ದೇಶದ ಸಿಪಾಯಿ ಬರುವುದು ಒಂದೇ ಸಲ. ಇಂಗ್ಲಿಷ್ ಸಾಹೇಬರ ಡೇರೆಗೆ ಚಹಾದ ತಾಟು ತರುತ್ತಾನೆ, ಅದನ್ನು ಹಿಡಿದೇ ಸೆಲ್ಯೂಟ್ ಹೊಡೆದು, ಇಟ್ಟು ಹೋಗುತ್ತಾನೆ. ಇದನ್ನು ಬಲ್ಲವರೊಬ್ಬರು ಮಾತಾಡಲಿ ಎಂದು ಹತ್ತಿರದ ಮುಗದ ಊರಿನಿಂದ ಒಬ್ಬ ಮಾಜಿ ಸುಬೇದಾರರನ್ನು ಕರೆಸಿದ್ದೆ. ಅವರ ಅಜ್ಜ ಅಂಥದೇ ಮರಳಿನಲ್ಲಿ ಮೂರು ವರ್ಷ ಕಾದಾಡಿ, ಒಂದು ಕಿವಿ ಕಳೆದುಕೊಂಡು ಬಂದವರು.

ಸಿನಿಮಾ ಮುಗಿದಾಗ ಸುಬೇದಾರರ ಮುಖ ಕೆಂಪಾಗಿತ್ತು. ಮೈಕಿನ ಮುಂದೆ ನಿಂತು, "ನಮ್ಮವರಿಗೆ ಭಾಳ ಅವಮಾನ ಆಗೇತಿ" ಎಂದರು. ಈ ಮಾತಿಗಾಗಿ ವರ್ಷಗಟ್ಟಲೆ ಕಾದಿದ್ದ ನಾನು ಪೆನ್ನು ತೆಗೆದೆ.

"ಕೈಯಾಗ ಸಾಮಾನು ಹಿಡಕೊಂಡವ ಸೆಲ್ಯೂಟ್ ಹೊಡಿಯಂಗಿಲ್ಲ. ಅಷ್ಟೂ ಗೊತ್ತಿಲ್ಲದವನ್ನ ಫೌಜಿಗೆ ಹೆಂಗ ತಗೊಂಡ್ರು?"

ನಾನು ಪೆನ್ನು ಒಳಗಿಟ್ಟೆ.

ನಮ್ಮ ಕಡೆಯವ

ಹಳೆಯ ಹಿಂದಿ ಸಿನಿಮಾಗಳಲ್ಲಿ ಒಂದೊಂದು ಸೀಮೆಯಿಂದ ಒಬ್ಬೊಬ್ಬ ಸೈನಿಕ ಇರುತ್ತಾನೆ. ದಕ್ಷಿಣಕ್ಕೆಲ್ಲ ಸೇರಿ ಒಬ್ಬನೇ. ಆ ದಿನದ ಸಿನಿಮಾದಲ್ಲಿ ಗುಂಡು ತಿಂದು ಹತ್ತು ನಿಮಿಷ ಮಾತಾಡಿ ಸತ್ತವನು ಕನ್ನಡದವನೋ ಅಲ್ಲವೋ ಎಂದು ಹುಡುಗರಲ್ಲಿ ಜಗಳ ಹತ್ತಿತು. ಕ್ಯಾಂಟೀನು ನಡೆಸುವ ಬೆಂಗೇರಿಯ ಹೆಂಗಸು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅವ ನಮ್ಮ ಕಡ್ಯಾಂವ ಅಲ್ಲ ಬಿಡ್ರಿ ಅಕ್ಕಾರ."

"ನಿನಗ ಹೆಂಗ ಗೊತ್ತಾತು?"

"ಗುಂಡು ಬಿದ್ದ ಮ್ಯಾಲೆ ಇಷ್ಟೊತ್ತು ಮಾತಾಡಿದ. ಒಂದ ಸಲಾನೂ 'ಯವ್ವಾ' ಅನ್ನಲಿಲ್ಲ!"

ಎಂಟನೆಯ ಕುರ್ಚಿ

ಕಳೆದ ವರ್ಷ ಯುದ್ಧ ಚಿತ್ರಗಳಲ್ಲಿ ಯಾರಿಗೆಲ್ಲ ಜಾಗ ಸಿಕ್ಕಿಲ್ಲ ಎಂಬುದರ ಮೇಲೆ ಒಂದು ವಿಚಾರ ಸಂಕಿರಣ ಆಗಲಿ ಎಂದು ಪ್ರಾಚಾರ್ಯರಿಗೆ ಬರೆದುಕೊಟ್ಟೆ. ಒಪ್ಪಿದರು. ಆಮಂತ್ರಣ ಪತ್ರಿಕೆ ಬಂತು. ವೇದಿಕೆಯ ಮೇಲೆ ಏಳು ಮಂದಿ, ಎಲ್ಲರೂ ಗಂಡಸರು. ವಿಷಯ ಕೊಟ್ಟ ನನ್ನ ಹೆಸರೇ ಇಲ್ಲ.

ಸಿಟ್ಟಿಗೂ ಶಕ್ತಿ ಬೇಕಲ್ಲ. ಸುಮ್ಮನೆ ಹೋಗಿ ಕೇಳಿದೆ: "ಸರ್, ಒಬ್ಬ ಹೆಣ್ಣಮಗಳೂ ಇಲ್ಲಲ್ರೀ?"

ಅವರು ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಖರೇ ನೋಡ್ರಿ! ಮಂದಿ ಆಡಿಕೊಂಡಾರು. ಇನ್ನೊಂದು ಕುರ್ಚಿ ಹಾಕಸ್ತೀನಿ. ನೀವ ಕೂಡ್ರಿ, ಮಾತೂ ಆಡ್ರಿ."

ಸಂಕಿರಣದ ದಿನ ವೇದಿಕೆ ಹತ್ತಿದೆ. ಎಂಟು ಕುರ್ಚಿ, ಎಂಟು ಹೆಸರಿನ ಫಲಕ. ಏಳರ ಮೇಲೆ ಡಾಕ್ಟರ್ ಇಂಥವರು, ಪ್ರೊಫೆಸರ್ ಇಂಥವರು. ಎಂಟನೆಯದರ ಮೇಲೆ ದಪ್ಪಕ್ಷರದಲ್ಲಿ 'ಮಹಿಳೆ'.

ಫಲಕ ಮಾಡಿಸಿದ ಕ್ಲರ್ಕನನ್ನು ಕರೆದು ತೋರಿಸಿದೆ. "ಸರ್ ಒಬ್ಬ ಮಹಿಳೆ ಅಂತಷ್ಟ ಹೇಳಿದ್ರು ರೀ" ಎಂದ ಅವನು.

ನಾನು ಫಲಕ ತಿರುಗಿಸಿ, ಹಿಂದಿನ ಬದಿಗೆ ಸ್ಕೆಚ್ ಪೆನ್ನಿನಲ್ಲಿ ನನ್ನ ಹೆಸರು ಬರೆದು, ಕೂತೆ. ನನ್ನ ಸರದಿಗೆ ಇಪ್ಪತ್ತು ನಿಮಿಷ ಮಾತಾಡಿದೆ. ಚಪ್ಪಾಳೆಯೂ ಬಿತ್ತು.

ಎಲ್ಲ ಮುಗಿದ ಮೇಲೆ ಫಲಕಗಳನ್ನು ಕೂಡಿಸಿಡಲು ಬಂದ ಕ್ಲರ್ಕು ನನ್ನದನ್ನು ಎತ್ತಿ, ಹಿಂದೆ ಮುಂದೆ ನೋಡಿ ಹಳಹಳಿಸಿದ:

"ಹೆಸರು ಯಾಕ ಬರದ್ರಿ ಮೇಡಂ? ಮುಂದಿನ ವರ್ಷ ಯಾರು ಬಂದ್ರೂ ನಡೀತಿತ್ತಲ್ರೀ!"