ಬ್ಯಾರನ್ನಿನ ಒಲೆಗೆ ನಾನು ಕೈ ಹಾಕಿದ್ದು

ಬೇರೆಯವರು ಕೆಲಸ ಮಾಡುತ್ತಿದ್ದರೆ ಸುಮ್ಮನೆ ಕೂರುವುದು ನನ್ನಿಂದಾಗದು. ಸೊಸೆ ಸಾರಿಗಿಟ್ಟರೆ ಮುಚ್ಚಳ ತೆಗೆದು ಒಂದಿಷ್ಟು ಉಪ್ಪು ಹಾಕುತ್ತೇನೆ. ಅವಳು ಆಗಲೇ ಹಾಕಿರುತ್ತಾಳೆ. ಮನೆಯವರೆಲ್ಲ ನೀರು ಕುಡಿದು ಕುಡಿದು ಉಣ್ಣುತ್ತಾರೆ. ಇದು ತಪ್ಪೆಂದು ನನಗೆ ಹೇಳಿಕೊಟ್ಟವಳು ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಓದುತ್ತಿದ್ದ ಮೊಮ್ಮಗಳು ಸುಮಿತ್ರೆ. ನಾನು ಕಲಿತೆನೆಂದು ಮಾತ್ರ ಹೇಳುತ್ತಿಲ್ಲ.

ಅವಳ ಮೇಷ್ಟ್ರು ಪರದೇಶದಿಂದ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಹೊಸ ಪಾಠ ತಂದಿದ್ದರು. ಅದನ್ನು ನಡೆಸುವ ಯಂತ್ರ ಯೂನಿವರ್ಸಿಟಿಯಲ್ಲಿರಲಿಲ್ಲ, ಬೋರ್ಡಿನ ಮೇಲೇ ಕಲಿಯಬೇಕು. ಕೆರೆಯ ಚಿತ್ರ ಬರೆದು ಈಜು ಕಲಿಸಿದ ಹಾಗೆ. ಹುಡುಗಿ ಅದರಲ್ಲಿ ಒಮ್ಮೆ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಓದು ಬಿಡಿಸುತ್ತೇನೆ ಎಂದು ಅವಳಪ್ಪ, ಅಂದರೆ ನನ್ನ ಮಗ, ಹೇಳಿಯಾಗಿತ್ತು. ಸೋಮವಾರ ಮೇಷ್ಟ್ರ ಮುಂದೆ ನಿಂತು, ಮನೆಯದೇ ಉದಾಹರಣೆ ಕೊಟ್ಟು ಪಾಠವನ್ನು ಬಿಡಿಸಿ ಹೇಳಬೇಕಿತ್ತು.

ಅವಳು ಆರಿಸಿಕೊಂಡದ್ದು ನಮ್ಮ ಬ್ಯಾರನ್ನನ್ನು, ಹೊಗೆಸೊಪ್ಪು ಬೇಯಿಸುವ ಮನೆಯನ್ನು. ಜಗಲಿಯಲ್ಲಿ ಕೂತು ನನಗೂ, ಒಲೆ ನೋಡಿಕೊಳ್ಳುವ ನಿಂಗಯ್ಯನಿಗೂ ಒಪ್ಪಿಸಿದಳು. ಒಂದೊಂದು ವಸ್ತುವಿಗೂ ತನ್ನ ವಿಷಯ ತನಗೇ ಗೊತ್ತು, ತನ್ನ ಕೆಲಸ ತಾನೇ ಮಾಡುತ್ತದೆ, ಅದಕ್ಕೆ ಆಬ್ಜೆಕ್ಟು ಅನ್ನುತ್ತಾರಂತೆ. ಹೊರಗಿನವರು ಇಂಥದ್ದಾಗಲಿ ಎಂದು ಹೇಳಬಹುದೇ ಹೊರತು ಒಳಗೆ ಕೈಯಾಡಿಸುವಂತಿಲ್ಲ.

"ಯಾಕೆ ಆಡಿಸ್ಬಾರ್ದು?" ಎಂದೆ.

ಪುಸ್ತಕದ ಇಂಗ್ಲಿಷನ್ನು ಗಡಗಡ ಹೇಳಿದಳು. "ಅಂಗಂದ್ರೇನೇ?" ಎಂದರೆ ಕಣ್ಣಲ್ಲಿ ನೀರು. "ಇದ್ನೇ ಕಣಜ್ಜಿ ಮೇಷ್ಟ್ರು ಕೇಳೋದು. ಬಾಯಿಪಾಠ ಬೇಡ ಅಂತಾರೆ."

ಉತ್ತರ ನನ್ನ ಹೊಟ್ಟೆಯಲ್ಲಿ ಒಂದು ವರ್ಷದಿಂದ ಕೂತಿತ್ತು. ಹಿಂದಿನ ವರ್ಷ ನಿಂಗಯ್ಯ ಊಟಕ್ಕೆ ಹೋಗಿದ್ದಾಗ, ಕಾವು ಸಾಲದೆಂದು ಒಲೆಗೆ ನಾನೇ ಸೌದೆ ತುರುಕಿದ್ದೆ. ಎಲೆ ಹಳದಿಗೆ ತಿರುಗುವ ಮೊದಲೇ ಕಾವೇರಿದರೆ ಹಸಿರು ಹಾಗೇ ನಿಂತುಬಿಡುತ್ತದೆ. ಒಂದು ಬ್ಯಾರನ್ ಸೊಪ್ಪಷ್ಟೂ ಹಸಿರಾಗಿಯೇ ಉಳಿದು ಬೆಲೆಯಿಲ್ಲದೆ ಹೋಯಿತು. ಮಗ ಬೈದದ್ದು ನಿಂಗಯ್ಯನನ್ನು. ನಾನು ತುಟಿ ಬಿಚ್ಚಿರಲಿಲ್ಲ.

ಈಗ ಹುಡುಗಿಯ ಮುಖ ನೋಡಿ ಹೇಳಿಬಿಟ್ಟೆ. "ಇದೇ ಹೇಳು ಮೇಷ್ಟ್ರಿಗೆ. ಎಲೆ ಯಾವ ಹದದಾಗೈತೆ ಅಂತ ಈ ನಿಂಗಯ್ಯನೊಬ್ಬನಿಗೇ ಗೊತ್ತಿತ್ತು. ಕೈ ಹಾಕಿದ್ದು ನಾನು."

ನಿಂಗಯ್ಯ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಲೂ ಇಲ್ಲ. "ನಂಗೆ ಅವತ್ತೇ ಗೊತ್ತಾಯ್ತು ಬುಡ್ರವ್ವಾ. ಒಲೆ ಬಾಯ್ತುಂಬ ಸೌದೆ ಗಿಡಿಯೋರು ಈ ಮನೇಲಿ ಇನ್ಯಾರವ್ರೆ?"

"ಮತ್ತೆ ಯಾಕ್ಲಾ ಹೇಳ್ನಿಲ್ಲ?"

"ಹೇಳಿದ್ರೆ ನೀವು ಒಪ್ಕೊತಿದ್ರಾ?"

ಒಪ್ಪುತ್ತಿರಲಿಲ್ಲ.

ಮುಂದಿನ ವಾರ ಕಾಗದ ಬಂತು. ಮಗನೇ ಒಡೆದು ಗಟ್ಟಿಯಾಗಿ ಓದಿದ. ಸುಮಿತ್ರೆ ಪಾಸಾಗಿದ್ದಳು. ಹೇಗೆ ಪಾಸಾದಳೆಂಬುದನ್ನೂ, ಹಸಿರು ಸೊಪ್ಪಿನ ಸಮೇತ, ಒಂದಕ್ಷರ ಬಿಡದೆ ಬರೆದಿದ್ದಳು. ಮಗ ನನ್ನನ್ನು ಒಮ್ಮೆ ನೋಡಿ, ಎದ್ದು ಬ್ಯಾರನ್ನಿನ ಕಡೆ ಹೋದ. ನಾನೂ ಹಿಂದೆಯೇ ಹೋದೆ. ಮಗ ನಿಂಗಯ್ಯನ ಮುಂದೆ ನಿಂತು, ತಪ್ಪಾಯಿತು ಎನ್ನಲು ಬಾರದೆ, ಮಳೆ ಬೆಳೆ ಎಂದು ಏನೇನೋ ಒದರುತ್ತಿದ್ದ. ನನಗೆ ನೋಡಲಾಗಲಿಲ್ಲ. ನಡುವೆ ಹೋಗಿ, "ಅಂಗಲ್ಲ ಕಣ್ಲಾ, ಇಂಗೆ ಕೇಳ್ಬೇಕು" ಎಂದು ಹೇಳಿಕೊಟ್ಟೆ.