ದೊಡ್ಡಮ್ಮನ ಎಡಗಿವಿಗೆ ಪ್ರಮಾಣಪತ್ರ ಕೋರಿ

ಮದ್ಯ ಮತ್ತು ದ್ರಾಕ್ಷಾರಸ ನಿಯಂತ್ರಣ ಕಚೇರಿಯ ಉಪಕರಣ ವಿಭಾಗದ ಮುಖ್ಯಾಧಿಕಾರಿಗಳ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಕುರ್ಚಿಯೂ, ತಮ್ಮ ಮೊಹರೂ, ಆ ಮೊಹರಿನ ಮಸಿ ಒಣಗದಂತೆ ಹಗಲಿಡೀ ಮುಚ್ಚಳ ಕಾಯುವ ಗುಮಾಸ್ತರೂ ಕುಶಲವೆಂದು ನಂಬಿ, ತಲೆಬಾಗಿ ವಂದಿಸಿ, ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಗುಟ್ಟಾಗಿ ಬರೆದ ಐದು ಪತ್ರಗಳಿಗೂ "ಸ್ವೀಕರಿಸಲಾಗಿದೆ" ಎಂಬ ಒಂದೇ ಪದದ ಉತ್ತರ ದಯಪಾಲಿಸಿದ್ದೀರಿ. ಆ ಪದದ ಮೇಲೆ ನನಗೆ ಅಪಾರ ಗೌರವವಿದ್ದರೂ ಅದನ್ನು ಐದು ಸಲ ಓದಿದ ಮೇಲೆ ಹೊಟ್ಟೆ ತುಂಬಿದೆ.

ನಾನು ನಾಲ್ಕೇ ನಾಲ್ಕು ಪೀಪಾಯಿಗಳ ಪುಟ್ಟ ವೈನ್ ಮನೆಯ ಒಡತಿ. ನಮ್ಮಲ್ಲಿ ದ್ರಾಕ್ಷಿ ಹಿಂಡುವವಳು ನಾನು, ಬಾಟಲಿ ತೊಳೆಯುವವಳು ನಾನು, ಬೈಸಿಕೊಳ್ಳುವವಳೂ ನಾನೇ. ಬೈಯುವವರು ಎಪ್ಪತ್ತನಾಲ್ಕು ದಾಟಿದ ನಮ್ಮ ದೊಡ್ಡಮ್ಮ. ಅವರಿಗೆ ಇನ್ನೊಂದು ಕೆಲಸವೂ ಇದೆ. ಪೀಪಾಯಿಯೊಳಗೆ ರಸ ಹುದುಗುವಾಗ ಸಣ್ಣದಾಗಿ ಗುಸುಗುಸು ಸದ್ದು ಬರುತ್ತದೆ; ಸಿಹಿ ಕರಗಿದಂತೆಲ್ಲ ಸದ್ದು ಕ್ಷೀಣಿಸುತ್ತದೆ. ದೊಡ್ಡಮ್ಮ ದಿನಾ ಬೆಳಿಗ್ಗೆ ನೆಲಮಾಳಿಗೆಗೆ ಇಳಿದು, ಪ್ರತಿ ಪೀಪಾಯಿಗೂ ಎಡಗಿವಿ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಾರೆ. ಒಂದು ದಿನ "ಸುಮ್ಮನಾಯ್ತು ಕಣೇ" ಎನ್ನುತ್ತಾರೆ. ಅಂದೇ ನಾವು ಬಾಟಲಿಗೆ ತುಂಬುತ್ತೇವೆ. ನಲವತ್ತೊಂದು ವರ್ಷಗಳಲ್ಲಿ ನಮ್ಮ ಒಂದು ಬಾಟಲಿಯೂ ಸಿಡಿದಿಲ್ಲ, ಒಂದು ಬಿರಡೆಯೂ ಹಾರಿಲ್ಲ.

ಹೀಗಿರುವಾಗ ಈ ವರ್ಷ ತಮ್ಮ ಅರವತ್ತಮೂರು ಪುಟಗಳ ಹೊಸ ನಿಯಮಾವಳಿ ಜಾರಿಗೆ ಬಂದಿತು. ಅದನ್ನು ನಾನು ಎರಡು ಸಲ ಓದಿದೆ. ಎರಡನೆಯ ಸಲ, ಮೊದಲನೆಯ ಸಲ ಓದಿದ್ದು ನಿಜವೇ ಎಂದು ಖಚಿತಪಡಿಸಿಕೊಳ್ಳಲು. ಲೇಬಲಿನ ಮೇಲೆ ಎಚ್ಚರಿಕೆ, ಎಚ್ಚರಿಕೆಯ ಅಕ್ಷರದ ಎತ್ತರ, ಬಾಟಲಿಯನ್ನು ಕುಡಿದ ಮೇಲೆ ಎಲ್ಲಿ ಎಸೆಯಬೇಕೆಂಬ ಚಿತ್ರ, ಕುಡಿಯುವ ಮೊದಲು ಎಸೆಯಬಾರದೆಂಬ ಸೂಚನೆ, ಇವೆಲ್ಲವನ್ನೂ ಶಿರಸಾವಹಿಸಿ ಮುದ್ರಿಸಿದೆ. ಮೂಗಿಗಿಂತ ಮೂಗುತಿ ಭಾರವೆಂಬಂತೆ ಲೇಬಲು ಬಾಟಲಿಯನ್ನು ಒಂದೂವರೆ ಸುತ್ತು ಸುತ್ತಿ ತನ್ನ ಬಾಲವನ್ನು ತಾನೇ ಮುಚ್ಚಿಕೊಂಡಿತು. ನಾನು ಚಕಾರವೆತ್ತಲಿಲ್ಲ.

ಎಡವಿದ್ದು ಒಂಬತ್ತನೆಯ ನಮೂನೆಯ ಹದಿನಾಲ್ಕನೆಯ ಅಂಕಣದಲ್ಲಿ. "ಹುದುಗುವಿಕೆ ಮುಗಿದಿರುವುದನ್ನು ನಿರ್ಧರಿಸಲು ಬಳಸುವ ಉಪಕರಣ" ಎಂದು ಅಲ್ಲಿ ಕೇಳಲಾಗಿತ್ತು. ಲೇಬಲು ಮುದ್ರಿಸುವ ಪ್ರೆಸ್ಸಿನವರು "ಏನೋ ಒಂದು ಮೀಟರ್ ಅಂತ ಗೀಚಿ ಕೈ ತೊಳ್ಕೊಳ್ಳಿ, ಯಾರು ನೋಡ್ತಾರೆ" ಎಂದು ಬುದ್ಧಿ ಹೇಳಿದ್ದರು. ಆದರೆ ನಮೂನೆಯ ತಳದಲ್ಲಿ ಸುಳ್ಳು ಮಾಹಿತಿ ನೀಡುವುದು ಅಪರಾಧವೆಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತಲ್ಲ, ಆ ದಪ್ಪಕ್ಷರಗಳಿಗೆ ಹೆದರಿ ನಾನು "ದೊಡ್ಡಮ್ಮನ ಎಡಗಿವಿ" ಎಂದು ಬರೆದೆ.

ತಮ್ಮ ಕಚೇರಿಯಲ್ಲಿ ಯಾರೂ ಓದುವುದಿಲ್ಲವೆಂದು ಆಡಿಕೊಳ್ಳುವವರಿಗೆ ನಾಚಿಕೆಯಾಗಬೇಕು. ಹನ್ನೆರಡೇ ದಿನಗಳಲ್ಲಿ ನೋಟಿಸು ಬಂತು: ಸದರಿ ಉಪಕರಣದ ತಯಾರಕರು ಯಾರು, ತಯಾರಾದ ವರ್ಷ ಯಾವುದು, ಕ್ರಮಸಂಖ್ಯೆ ಎಷ್ಟು, ಬಿಡಿಭಾಗಗಳು ಲಭ್ಯವೇ, ಕೊನೆಯ ಬಾರಿ ಪರೀಕ್ಷೆಗೆ ಒಳಪಟ್ಟದ್ದು ಯಾವಾಗ? ನಾನು ವಿನಯದಿಂದ ಉತ್ತರಿಸಿದೆ: ತಯಾರಕರು ನನ್ನ ಅಜ್ಜ ಮತ್ತು ಅಜ್ಜಿ, ಈಗ ಇಬ್ಬರೂ ವಹಿವಾಟು ನಿಲ್ಲಿಸಿದ್ದಾರೆ, ಐದು ಮಕ್ಕಳಲ್ಲಿ ಎರಡನೆಯದು, ಬಿಡಿಭಾಗವಾಗಿ ಬಲಗಿವಿ ಇದೆ, ಆದರೆ ಅದು ಬೇಕಾದ್ದನ್ನು ಮಾತ್ರ ಕೇಳುತ್ತದೆ, ಇಂಧನ ದಿನಕ್ಕೆ ಎರಡು ಲೋಟ ಕಾಫಿ, ಸಕ್ಕರೆ ಕಡಿಮೆ. ಇದಕ್ಕೆ ಪ್ರತಿಯಾಗಿ ಎರಡನೆಯ ನೋಟಿಸು ಬಂತು. ಉಪಕರಣವು "ದೋಷಪೂರಿತವೆಂದು ಭಾವಿಸತಕ್ಕದ್ದು", ಪ್ರಮಾಣಪತ್ರ ದೊರೆಯುವವರೆಗೆ ಅದನ್ನು ಮುದ್ರೆ ಹಾಕಿ ಬಳಕೆಯಿಂದ ಹೊರಗಿಡತಕ್ಕದ್ದು, ಮೂವತ್ತು ದಿನಗಳೊಳಗೆ ಹುದುಗುವಿಕೆ ಮುಗಿದಿದೆಯೆಂದು ಸಾಬೀತಾಗದಿದ್ದರೆ ನಾಲ್ಕೂ ಪೀಪಾಯಿಗಳನ್ನು ಚರಂಡಿಗೆ ಹರಿಸತಕ್ಕದ್ದು.

ಮುದ್ರೆ ಹಾಕಲು ತಮ್ಮ ಇನ್‌ಸ್ಪೆಕ್ಟರು ಬಂದರು. ಕನ್ನಡಕದ, ಮೃದು ಮಾತಿನ ಮನುಷ್ಯ. ಅರಗಿನ ಕಡ್ಡಿ ಹಿಡಿದುಕೊಂಡು ದೊಡ್ಡಮ್ಮನ ಕಿವಿಯನ್ನು ನೋಡುತ್ತ ಬಹಳ ಹೊತ್ತು ನಿಂತರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ, ಕೊನೆಗೆ ಅವರಿಗೊಂದು ಉಣ್ಣೆಯ ಟೋಪಿ ತೊಡಿಸಿ, ಕಿವಿ ಮುಚ್ಚಿ, ಗಲ್ಲದ ಕೆಳಗೆ ದಾರದ ಗಂಟು ಹಾಕಿ, ಆ ಗಂಟಿನ ಮೇಲೆ ಕೆಂಪು ಅರಗಿನ ಮುದ್ರೆ ಒತ್ತಿದರು. ತಲೆ ಸ್ನಾನ ಮಾಡಬೇಕಾದರೆ ಲಿಖಿತ ಅರ್ಜಿ ಕೊಡಬೇಕೆಂದು ಸಂಕೋಚದಿಂದ ತಿಳಿಸಿದರು. ದೊಡ್ಡಮ್ಮ ಆ ಟೋಪಿಯಲ್ಲೇ ಮಾರುಕಟ್ಟೆಗೆ ಹೋಗಿಬಂದರು. ತರಕಾರಿಯವಳು ಇದೇನೋ ಸರ್ಕಾರಿ ಪದಕವೆಂದು ತಿಳಿದು ಎದ್ದು ನಿಂತಳಂತೆ.

ಇಲ್ಲಿಯವರೆಗೆ ನಾವು ನಕ್ಕೆವು, ಮಾನ್ಯರೇ. ನಗು ನಿಂತದ್ದು ಮೂರನೆಯ ದಿನ. ದೊಡ್ಡಮ್ಮ ಬೆಳಿಗ್ಗೆ ನೆಲಮಾಳಿಗೆಯ ಮೆಟ್ಟಿಲವರೆಗೆ ಬಂದು, ಅಲ್ಲಿಯೇ ಕುಳಿತುಬಿಟ್ಟರು. ಯಾಕೆಂದು ಕೇಳಿದರೆ, "ದೋಷ ಇದೆ ಅಂತ ಕಾಗದದಲ್ಲೇ ಬರ್ದಿದಾರಲ್ಲ. ವಯಸ್ಸಾಯ್ತು, ಇದ್ರೂ ಇರಬಹುದು" ಎಂದರು. ನನ್ನನ್ನು ಬೈಯದೆ ಹೀಗೆ ಮೆಲ್ಲಗೆ ಮಾತಾಡಿದ ದೊಡ್ಡಮ್ಮನನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನನಗೆ ಅಳು ಬಂತು. ಪೀಪಾಯಿಗಳು ಚರಂಡಿಗೆ ಹರಿದರೆ ಮುಂದಿನ ವರ್ಷ ಮತ್ತೆ ತುಂಬಿಸಬಹುದು. ಅವರಿಗೆ ತಮ್ಮ ಕಿವಿಯ ಮೇಲಿದ್ದ ನಂಬಿಕೆಯನ್ನು ಯಾವ ಹಣ್ಣು ಹಿಂಡಿ ತುಂಬಿಸಲಿ?

ಇಷ್ಟರಲ್ಲಿ ಇನ್‌ಸ್ಪೆಕ್ಟರು ಅಂಗೀಕೃತ ಉಪಕರಣದೊಂದಿಗೆ ಮತ್ತೆ ಬಂದರು. ಅದು ರಸದಲ್ಲಿ ತೇಲುವ ಗಾಜಿನ ಕಡ್ಡಿ, ಬಹಳ ಸುಂದರವಾಗಿತ್ತು, ಅದರ ಕೊರಳಿಗೇ ಪ್ರಮಾಣಪತ್ರ ಕಟ್ಟಿತ್ತು. ಅವರು ಮೂರನೆಯ ಪೀಪಾಯಿಯಲ್ಲಿ ಅದನ್ನು ತೇಲಿಸಿ "ಮುಗಿದಿದೆ" ಎಂದು ಬರೆದುಕೊಂಡು, ಮಾದರಿಗೆಂದು ಎರಡು ಬಾಟಲಿ ತುಂಬಿ, ಬಿರಡೆ ಜಡಿದು, ತಂತಿ ಬಿಗಿದರು. ಮೆಟ್ಟಿಲಿಂದ ಇಳಿದು ಬಂದ ದೊಡ್ಡಮ್ಮ ಟೋಪಿಯ ಸಮೇತ ಪೀಪಾಯಿಗೆ ತಲೆ ತಾಗಿಸಿ, "ಅದಿನ್ನೂ ಗೊಣಗ್ತಾ ಇದೆ ಸಾರ್, ಬಿಗಿಯಾಗಿ ಮುಚ್ಚಬೇಡಿ" ಎಂದರು. ಇದಕ್ಕಾಗಿ ನಮಗೆ ಮೂರನೆಯ ನೋಟಿಸು ಬಂತು: ಮುದ್ರೆ ಹಾಕಿದ ಉಪಕರಣದ ಅನಧಿಕೃತ ಬಳಕೆ.

ಆ ಎರಡು ಬಾಟಲಿಗಳು ತಮ್ಮ ಕೋಣೆಯ ಕಪಾಟಿನಲ್ಲಿ, ನಿಯಮಾವಳಿಯ ಮೂಲಪ್ರತಿಯ ಪಕ್ಕದಲ್ಲಿ ವಿರಾಜಮಾನವಾಗಿದ್ದವು. ಅವು ಅಲ್ಲಿಗೆ ಬಂದ ಒಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ತಾವು ಸುರಕ್ಷತೆಯ ಕುರಿತು ಸಭೆ ನಡೆಸುತ್ತಿದ್ದಾಗ ಏನಾಯಿತೆಂದು ತಮಗೆ ನಾನು ಹೇಳಬೇಕಾಗಿಲ್ಲ. ಮೊದಲನೆಯ ಬಿರಡೆ ಕಪಾಟಿನ ಬಾಗಿಲು ತೆರೆಯಿತು, ಎರಡನೆಯದು ಆ ತೆರೆದ ಬಾಗಿಲಿನಿಂದ ಹೊರಬಂದು ಫ್ಯಾನಿಗೆ ಬಡಿಯಿತು, ವೈನು ನಿಯಮಾವಳಿಯ ನಲವತ್ತೊಂದನೆಯ ಪುಟದವರೆಗೆ ಇಂಗಿತು. ಯಾರಿಗೂ ಪೆಟ್ಟಾಗಲಿಲ್ಲವೆಂದು ಕೇಳಿ ಹರ್ಷವಾಯಿತು. ತಾವು ಮೇಜಿನ ಕೆಳಗೆ ತೋರಿದ ಚುರುಕುತನವನ್ನು ಇನ್‌ಸ್ಪೆಕ್ಟರು ಇಂದಿಗೂ ಕೊಂಡಾಡುತ್ತಾರೆ. ಮರುದಿನವೇ ನಾಲ್ಕನೆಯ ನೋಟಿಸು ಬಂತು, ಬಾಟಲಿ ಏಕೆ ಸಿಡಿಯಿತೆಂದು ವಿವರಣೆ ಕೇಳಿ. ವಿವರಣೆ ಇಷ್ಟೇ: ದೊಡ್ಡಮ್ಮ ಹೇಳಿದ್ದರು.

ಆದ್ದರಿಂದ ತಮ್ಮಲ್ಲಿ ಕೈಮುಗಿದು ಬೇಡುವುದೇನೆಂದರೆ, ಸದರಿ ಎಡಗಿವಿಯನ್ನು ಅಂಗೀಕೃತ ಉಪಕರಣಗಳ ಪಟ್ಟಿಗೆ ಸೇರಿಸಬೇಕು. ಪ್ರಮಾಣಪತ್ರವನ್ನು ಕೊರಳಿಗೆ ಕಟ್ಟುವ ಬದಲು ಚೌಕಟ್ಟು ಹಾಕಿ ಕೊಡಬೇಕು. ಎರಡು ವರ್ಷಕ್ಕೊಮ್ಮೆ ನವೀಕರಿಸುವ ನಿಯಮವಿದ್ದರೆ ಅದನ್ನು ದೊಡ್ಡಮ್ಮನ ಆಯುಷ್ಯಕ್ಕೂ ಅನ್ವಯಿಸಿ, ಪ್ರತಿ ನವೀಕರಣಕ್ಕೂ ಎರಡು ವರ್ಷ ಕಡ್ಡಾಯವಾಗಿ ಮಂಜೂರು ಮಾಡಬೇಕು. ಇದು ತಮ್ಮ ಅಧಿಕಾರವ್ಯಾಪ್ತಿಗೆ ಬರುವುದಿಲ್ಲವೆಂದು ದಯವಿಟ್ಟು ಹೇಳಬೇಡಿ. ಕಿವಿ ಬಂದಿತಲ್ಲ.

ಕೊನೆಯದಾಗಿ ಒಂದು ಸಣ್ಣ ಮಾತು. ನಿನ್ನೆ ಬೆಳಿಗ್ಗೆ ಇನ್‌ಸ್ಪೆಕ್ಟರು ಕಾಗದಪತ್ರವಿಲ್ಲದೆ ಬರಿಗೈಯಲ್ಲಿ ಬಂದರು. ತಮ್ಮ ಉಗುರಿನಿಂದಲೇ ಅರಗು ಕೆರೆದು, ಟೋಪಿ ಬಿಚ್ಚಿ, "ದೊಡ್ಡಮ್ಮ, ಸ್ವಲ್ಪ ಕೇಳಿ ಹೇಳ್ತೀರಾ" ಎಂದರು. ದೊಡ್ಡಮ್ಮ ಮೊದಲು ನನ್ನ ಮುಖ ನೋಡಿದರು, ಆಮೇಲೆ ಒಂದೊಂದೇ ಪೀಪಾಯಿಗೆ ಕಿವಿಯಿಟ್ಟರು. ಒಂದನೆಯದು, ಎರಡನೆಯದು, ನಾಲ್ಕನೆಯದು ಸುಮ್ಮನಾಗಿದ್ದವು. ಮೂರನೆಯದಕ್ಕೆ "ಇನ್ನು ನಾಲ್ಕು ದಿನ" ಎಂದರು. ಆಗ ಗಡುವಿಗೆ ಉಳಿದಿದ್ದದ್ದು ಮೂರೇ ದಿನ. ಇನ್‌ಸ್ಪೆಕ್ಟರು ಕಂಗಾಲಾಗಿ "ಮೂರು ಅನ್ನಿ, ನಿಮ್ಮ ದಮ್ಮಯ್ಯ" ಎಂದು ಗೋಗರೆದರು. ದೊಡ್ಡಮ್ಮ ಸೆರಗು ಕೊಡವಿಕೊಂಡು ಎದ್ದು, "ಕಿವಿ ಕೇಳಿದ್ದನ್ನ ಬಾಯಿ ತಿದ್ದಬಾರದು ಕಣಪ್ಪ" ಎಂದವರೇ, ಬಾಟಲಿ ಸರಿಯಾಗಿ ತೊಳೆದಿಲ್ಲವೆಂದು ನನ್ನನ್ನು ಮನಸಾರೆ ಬೈಯುತ್ತ ಮೆಟ್ಟಿಲು ಹತ್ತಿದರು. ಆ ಬೈಗುಳ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅದೇ ಬಾಟಲಿಗಳನ್ನು ಮತ್ತೊಮ್ಮೆ ತೊಳೆದೆ.

ಒಂದು ದಿನ ಕೊಡಿ, ಮಾನ್ಯರೇ. ಅರವತ್ತಮೂರು ಪುಟಗಳಲ್ಲಿ ಎಲ್ಲೋ ಒಂದು ದಿನ ಮಡಚಿಕೊಂಡಿರುತ್ತದೆ, ಹುಡುಕಿಸಿ ನೋಡಿ.

ತಮ್ಮ ವಿಶ್ವಾಸಿ, ಸತ್ಯ ಬರೆದು ಸಿಕ್ಕಿಬಿದ್ದ,
ನಾಲ್ಕು ಪೀಪಾಯಿಗಳ ಒಡತಿ

ತಾ.ಕ.: ಈ ಪತ್ರವನ್ನು ಖುದ್ದಾಗಿ ಕೊಡಲು ದೊಡ್ಡಮ್ಮನ ಜೊತೆ ತಮ್ಮ ಕಚೇರಿಗೆ ಬಂದು ಎರಡೂವರೆ ಗಂಟೆಯಿಂದ ಕಾಯುತ್ತಿದ್ದೇನೆ, ಈ ಸಾಲುಗಳನ್ನು ಬೆಂಚಿನ ಮೇಲೆ ಕುಳಿತೇ ಬರೆದೆ. ಕಾದು ಬೇಸತ್ತ ದೊಡ್ಡಮ್ಮ ಅಭ್ಯಾಸಬಲದಿಂದ ತಮ್ಮ ಕಡತಗಳ ಕಪಾಟಿಗೆ ಎಡಗಿವಿ ಒತ್ತಿ ಬಹಳ ಹೊತ್ತು ಕೇಳಿದರು. ಉಪಕರಣದ ಅಧಿಕೃತ ವರದಿ ಹೀಗಿದೆ: "ಇದು ಸುಮ್ಮನಾಗಿ ಎಷ್ಟೋ ವರ್ಷ ಆಗಿದೆ ಕಣೇ. ಧೈರ್ಯವಾಗಿ ಬಿರಡೆ ಜಡಿದುಬಿಡಬಹುದು."